ನಲವತ್ತು ದಾಟದ ಕಾರು

ಯುದ್ಧ ಮುಗಿದ ಮೇಲೆ ತನ್ನ ದೇಶಕ್ಕೆ ಹೊರಟಿದ್ದ ಬಿಳಿಯ ಆಫೀಸರೊಬ್ಬ ತನ್ನ ಕಾರನ್ನು ನನಗೆ ಮಾರಿದಾಗ ನನಗೆ ನೆಲವೇ ಕಾಣುತ್ತಿರಲಿಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದವನು ನಾನೊಬ್ಬನೇ. ರಸ್ತೆ ಖಾಲಿ ಕಂಡರೆ ಸಾಕು, ಬಿಟ್ಟೆನೋ ಬಿಟ್ಟೆ. ಹೆಂಡತಿ ಬೇಡ ಬೇಡ ಎಂದು ಬಡಿದುಕೊಂಡರೂ ಕೇಳಿದವನಲ್ಲ.

ಒಂದು ಅಮಾವಾಸ್ಯೆ ಕಳೆದ ಮೇಲೆ ಕಾರಿಗೆ ಅದೇನು ರೋಗ ಬಡಿಯಿತೋ! ಮೂವತ್ತೈದು ಮೈಲಿ ವೇಗದವರೆಗೆ ಹಸುವಿನ ಹಾಗೆ ಸಾಧುವಾಗಿ ಹೋಗುತ್ತಿತ್ತು. ನಲವತ್ತಕ್ಕೆ ಬಂತೋ, ಸ್ಟಿಯರಿಂಗ್ ಗಡಗಡ ನಡುಗಿ ನನ್ನ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು.

ಆಗ ಹೆಂಡತಿ ತುಂಬು ಗರ್ಭಿಣಿ. ಬಾಣಂತನಕ್ಕೆ ಅವಳನ್ನು ಕೋಲಾರದ ತವರಿಗೆ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದೆ. ನಮ್ಮಲ್ಲಿಗೆ ಬಂದಿದ್ದ ಮಾವನವರು ನನ್ನ ಪಕ್ಕ ಕೂತು ಒಂದು ಸುತ್ತು ಹೋಗಿ, ಇಳಿದವರೇ ಹೇಳಿದರು: “ಈ ನಡುಕ ಹೋಗೋವರ್ಗೂ ನನ್ನ ಮಗಳನ್ನ ಇದ್ರಲ್ಲಿ ಕೂರಿಸ್ಬೇಡಿ ಅಳಿಯಂದ್ರೇ. ಶುಕ್ರವಾರ ನಾನೇ ಬಂದು ರೈಲಲ್ಲಿ ಕರ್ಕೊಂಡು ಹೋಗ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಮುಂದೆ ಕಾರಿಟ್ಟುಕೊಂಡವನ ಹೆಂಡತಿ ರೈಲು ಹತ್ತುವುದೇ? ಮರುದಿನವೇ ಶಿವಾಜಿನಗರದ ನನ್ನ ಗೆಳೆಯ ಮಿಸ್ತ್ರಿಯ ಶೆಡ್ಡಿಗೆ ಹೋಗಿ ಕೂತೆ.

ಅವನು ಟೈರುಗಳ ಗಾಳಿ ನೋಡಿದ, ಸರಿಯಾಗಿತ್ತು. ಕೆಳಗೆ ತೂರಿ ಸ್ಟಿಯರಿಂಗಿನ ಕೀಲುಗಳನ್ನು ಅಲ್ಲಾಡಿಸಿದ, ಬಿಗಿಯಾಗಿದ್ದವು. ನನಗೆ ತಾಳ್ಮೆ ತಪ್ಪಿತು.

“ಇನ್ನೇನಯ್ಯಾ, ದೆವ್ವ ಹಿಡಿದಿದ್ಯಾ ಇದಕ್ಕೆ?”

“ಅರೇ ಭಾಯ್, ಸುಮ್ನೆ ಇರು. ಮೆಲ್ಲಗೆ ಹೋದ್ರೆ ಇಲ್ಲ, ಜೋರಾಗಿ ಹೋದ್ರೆ ಮಾತ್ರ ನಡುಗುತ್ತೆ ಅಂದ್ರೆ ಚಕ್ರ ಒಂದ್ಕಡೆ ಭಾರ ಆಗಿರ್ಬೇಕು.”

ಜ್ಯಾಕ್ ಕೊಟ್ಟು ಮುಂದಿನ ಚಕ್ರಗಳನ್ನು ಎತ್ತಿದ. ಎಡಗಡೆಯದನ್ನು ತಿರುಗಿಸಿದರೆ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಬಲಗಡೆಯದು ಮಾತ್ರ ಎಷ್ಟು ಸಲ ತಿರುಗಿಸಿದರೂ ತೂಗಾಡಿ ತೂಗಾಡಿ ಒಂದೇ ಭಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಒಳಮೈಯಲ್ಲಿ ಆ ಜಾಗಕ್ಕೆ ಮೆತ್ತಿದ್ದ ಕೆಸರನ್ನು ಕೆರೆದ. ಚಕ್ರದ ಕಡ್ಡಿಗಳಿಗೆ ತಂತಿಯಲ್ಲಿ ಬಿಗಿದು ಕಟ್ಟಿದ ಕುದುರೆ ಲಾಳವೊಂದು ಕಾಣಿಸಿತು. ಪಕ್ಕದಲ್ಲಿ ಒಣಗಿದ ನಿಂಬೆಹಣ್ಣು.

ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾಳ ಬಿಚ್ಚಿ ಕೃಷ್ಣರಾಜಪುರದವರೆಗೆ ಓಡಿಸಿ ನೋಡಿದೆವು. ಐವತ್ತರಲ್ಲೂ ಸ್ಟಿಯರಿಂಗ್ ಅಲುಗಲಿಲ್ಲ.

ಧುಮುಗುಡುತ್ತ ಮನೆಗೆ ಹೋಗಿ ಲಾಳವನ್ನು ಹೆಂಡತಿಯ ಮುಂದೆ ಕುಕ್ಕಿದೆ. “ಏನೇ ಇದು?”

“ಅಯ್ಯೋ, ಯಾಕ್ರೀ ಬಿಚ್ಚಿದ್ರಿ? ಜಟಕಾದವರ ಹತ್ರ ಕೇಳಿ ತಂದಿದ್ದೆ. ಮುಂದುಗಡೆ ಕಟ್ಟಿದ್ರೆ ನಗಾಡಿ ಕಿತ್ತು ಬಿಸಾಕ್ತೀರಿ ಅಂತ, ನೀವು ಮಲಗಿದ್ದಾಗ ಒಳಗಡೆ ಕಟ್ಟಿದ್ದೆ. ನಿಮಗೇನೂ ಆಗ್ಬಾರ್ದು ಅಂತ.”

“ಇದ್ರಿಂದಾನೇ ಕಣೇ ಗಾಡಿ ನಡುಗ್ತಿದ್ದಿದ್ದು! ನಲವತ್ತು ದಾಟಕ್ಕೇ ಆಗ್ತಿರ್ಲಿಲ್ಲ ನಂಗೆ!”

ಅವಳು ಲಾಳವನ್ನು ಕೈಗೆತ್ತಿಕೊಂಡಳು. “ದಾಟ್ಲಿಲ್ಲ ತಾನೇ? ಮತ್ತೆ? ಲಾಳ ಅದರ ಕೆಲಸ ಮಾಡ್ತು.”

ಕೋಪವೆಲ್ಲ ಎಲ್ಲಿ ಹೋಯಿತೋ, ನಗು ಬಂತು. ಅಷ್ಟು ದಿನ ನಾನು ಮನೆಗೆ ಬರುವವರೆಗೂ ಅವಳು ಹೇಗೆ ಕಾದಿದ್ದಾಳೋ!

ನಾವೇ ಬರುತ್ತೇವೆಂದು ಮಾವನವರಿಗೆ ತಂತಿ ಕೊಟ್ಟು ಗುರುವಾರ ಹೊರಟೆವು. ಅವಳು ಲಾಳವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹೊಸಕೋಟೆ ದಾಟಿದ ಮೇಲೆ ರಸ್ತೆ ಖಾಲಿ ಹೊಡೆಯುತ್ತಿತ್ತು, ಸ್ಟಿಯರಿಂಗ್ ಕಲ್ಲಿನ ಹಾಗೆ ನಿಂತಿತ್ತು. ನಾನು ಮಾತ್ರ ಮೂವತ್ತು ದಾಟಿಸಲಿಲ್ಲ. ಅವಳು ಅರ್ಧ ದಾರಿಯಲ್ಲೇ ನಿದ್ದೆ ಹೋದಳು.

ಬಾಗಿಲಲ್ಲೇ ಕಾದು ನಿಂತಿದ್ದ ಮಾವನವರು ನಮ್ಮನ್ನು ಕಂಡು ಸಿಡುಕಿದರು: “ಇಷ್ಟೊತ್ತಾ ಅಳಿಯಂದ್ರೇ? ಇದಕ್ಕಿಂತ ರೈಲೇ ಬೇಗ ಬರ್ತಿತ್ತಲ್ಲ!”

ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.