ಕಲ್ಲುಹೊಲದ ಅವರೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ತಗಡಿನ ಡಬ್ಬಿಯಿದೆ, ಅದರೊಳಗೆ ಬೂದಿ ಬೆರೆಸಿಟ್ಟ ಬಿತ್ತನೆ ಅವರೆ. ಶ್ರೀರಂಗಪಟ್ಟಣದ ಬಾಡಿಗೆ ಮನೆಯಲ್ಲಿ, ತುಳಸಿ ಕುಂಡದ ಮಣ್ಣು ಬಿಟ್ಟರೆ ಬೇರೆ ಮಣ್ಣಿಲ್ಲದ ಮೇಷ್ಟ್ರಮ್ಮನಿಗೆ ಬಿತ್ತನೆ ಬೀಜ ಯಾಕಮ್ಮಾ ಎಂದು ನೀವು ಕೇಳಬಹುದು. ಕೇಳಿ, ಬೇಸರವಿಲ್ಲ, ನಮ್ಮ ಯಜಮಾನರು ದಿನಾ ಕೇಳುತ್ತಾರೆ. ಅವ್ವ ಇರುವ ತನಕ ಪ್ರತಿ ಸುಗ್ಗಿಯಲ್ಲೂ ಬಲಿತ ಕಾಯಿ ಆರಿಸಿ, ಒಂದು ಪಾಲು ನನಗೆ ಕೊಟ್ಟು, "ಊರಲ್ಲಿ ಕೆಟ್ರೆ ನಿನ್ನತ್ರನಾದ್ರೂ ಇರ್ಲಿ ಕಣವ್ವ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಚಿಕ್ಕಪ್ಪ ಆ ಪದ್ಧತಿ ಬಿಡಲಿಲ್ಲ. ಎರಡು ವರ್ಷದಿಂದ ಮಾತ್ರ ಬೀಜ ಬಂದಿಲ್ಲ, ಹಸಿಕಾಯಿಯೂ ಬಂದಿಲ್ಲ.

ಆ ಅವರೆಯ ಸೊಗಡನ್ನು ಹೇಗೆ ಹೇಳಲಿ! ಹೊಣಕೆರೆಯ ಕಡೆ ನಮ್ಮ ಕಲ್ಲುಹೊಲದ ರಾಗಿ ಸಾಲಿನ ನಡುವೆ, ಇಬ್ಬನಿಯಲ್ಲಿ ನೆಂದ ಕಾಯಿ ಕಿತ್ತು ತಂದರೆ, ಸೀರೆಯ ಸೆರಗೆಲ್ಲ ಮೂರು ದಿನ ಘಮ್ಮೆನ್ನುತ್ತಿತ್ತು. ಸಂತೆಯ ಅವರೆಗೆ ಆ ಸೊಗಡಿಲ್ಲ. ಇದ್ದರೂ ನನ್ನ ಮೂಗು ಒಪ್ಪುವುದಿಲ್ಲ.

ಅಪ್ಪ, ಚಿಕ್ಕಪ್ಪ ಪಾಲಾದಾಗ ನ್ಯಾಯ ಕೆಡಬಾರದೆಂದು ಪ್ರತಿ ಹೊಲವನ್ನೂ ಎರಡಾಗಿ ಸೀಳಿದ್ದರು. ಕೊನೆಗೆ ಟ್ರಾಕ್ಟರು ತಿರುಗಿಸಲೂ ಜಾಗವಿಲ್ಲದಷ್ಟು ಸಣ್ಣ ಪಟ್ಟಿಗಳಾದವು. ಅಪ್ಪ ತೀರಿದ ಮೇಲೆ, ಅವನ್ನೆಲ್ಲ ಒಟ್ಟುಗೂಡಿಸಿ ಮನೆಗೊಂದೇ ಕಡೆ ಮಾಡಿಕೊಳ್ಳೋಣವೆಂದು ಚಿಕ್ಕಪ್ಪ, ನಮ್ಮಣ್ಣ ಇಬ್ಬರೂ ಒಪ್ಪಿದರು. ನನ್ನ ಹಕ್ಕನ್ನು ನಾನು ಅಣ್ಣನಿಗೇ ಬಿಟ್ಟುಕೊಟ್ಟಿದ್ದೆ. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಬೇಕು, ಇದು ನಮ್ಮ ಕಡೆಯ ವಾಡಿಕೆ. ಆರಿಸುವವನು ತಾನಲ್ಲವೆಂದಾಗ ಹಾಕುವವನ ಕೈ ತಾನೇ ನೆಟ್ಟಗಿರುತ್ತದೆ. ಚಿಕ್ಕಪ್ಪ ಹಾಕಿದ್ದು ಎರಡು ಪಾಲು: ರಸ್ತೆ ಬದಿಯ ನಾಲೆಯ ಗದ್ದೆ ಒಂದು, ಅದಕ್ಕಿಂತ ವಿಸ್ತಾರವಾದ ಕಲ್ಲುಹೊಲ ಇನ್ನೊಂದು.

"ಗದ್ದೆ ನಾಲೆ ಕೊನೇಲೈತೆ, ಬ್ಯಾಸ್ಗೇಲಿ ನೀರು ಅತ್ತಾಕಿಲ್ಲ ಕಣ್ಲಾ, ಯೋಚ್ನೆ ಮಾಡಿ ಇಡ್ಕೊ," ಎಂದು ಚಿಕ್ಕಪ್ಪ ಎಲ್ಲರೆದುರಿಗೇ ಹೇಳಿದರು. ಅಣ್ಣ ತಡವರಿಸುತ್ತಿದ್ದಾಗ, ಅವನ ಪಕ್ಕ ನಿಂತು, "ರಸ್ತೆ ಬದಿದು, ಸುಮ್ನೆ ತಗೊಳೋ" ಎಂದು ಪಿಸುಗುಟ್ಟಿದವಳು ಯಾರು ಬಲ್ಲಿರಾ? ನಾನೇ. ಓದಿದವಳ ಬುದ್ಧಿ! ಅವ್ವನ ಕಲ್ಲುಹೊಲವನ್ನು ನಾನೇ ಕೈಯಾರೆ ಕಳೆದೆ.

ಗದ್ದೆ ಎರಡು ಬೇಸಿಗೆ ಬಾಯಿಬಿಟ್ಟಿತು. ಹಂಚಿಕೆ ನ್ಯಾಯವಾಗಿಲ್ಲವೆಂದು ಅಣ್ಣ ನಾಗಮಂಗಲದಲ್ಲಿ ದಾವೆ ಹೂಡಿದ. ನೀರಿನ ವಿಷಯ ಚಿಕ್ಕಪ್ಪ ಮುಚ್ಚಿಟ್ಟರೆಂದು ನಾನು ಸಾಕ್ಷಿ ಹೇಳಬೇಕಂತೆ. ಹೇಳಿದರೆ ಹಂಚಿಕೆ ರದ್ದಾಗಬಹುದು, ಕಲ್ಲುಹೊಲ ಮತ್ತೆ ನಮ್ಮದಾಗಬಹುದು ಎಂದರು ವಕೀಲರು. ಸುಳ್ಳೇಕೆ, ಆ ರಾತ್ರಿಯೆಲ್ಲ ನನ್ನ ಮೂಗಿನಲ್ಲಿ ಅವರೆಯ ಸೊಗಡೇ. ಆಸೆಪಟ್ಟೆ, ನಾಚಿಕೆಯಿಲ್ಲದೆ ಆಸೆಪಟ್ಟೆ.

ಆದರೆ ಕಟಕಟೆಯಲ್ಲಿ ನಿಂತು ನೋಡಿದರೆ ಎದುರಿಗೆ ಚಿಕ್ಕಪ್ಪ, ತಲೆ ತಗ್ಗಿಸಿ ಟವೆಲ್ಲಿನ ಅಂಚು ತಿರುವುತ್ತಿದ್ದರು. ನಡೆದದ್ದನ್ನು ನಡೆದಂತೆ ಹೇಳಿದೆ, ನನ್ನ ಪಿಸುಮಾತನ್ನೂ ಸೇರಿಸಿ. ಅಣ್ಣ ನನ್ನನ್ನು ದಾಟಿಕೊಂಡು ಹೋದ. "ನಂಗಿನ್ನು ತಂಗಿಲ್ಲ ಅಂತ ತಿಳ್ಕೊತೀನಿ ಬುಡು," ಅಂದ.

ಹೊರಗೆ ಹೊಂಗೆ ಮರದ ಕೆಳಗೆ ಚಿಕ್ಕಪ್ಪ ಕಾದಿದ್ದರು. ಕೇಸಿನ ಮಾತೆತ್ತಲಿಲ್ಲ. "ನಿಮ್ಮವ್ವನ ಅವರೆ ಬೀಜ ಐತೇನವ್ವ ನಿನ್ನತ್ರ? ನಮ್ದೆಲ್ಲ ಉಳ ಬಿದ್ದೋಯ್ತು," ಅಂದರು. ಹೊಲ ಅವರಲ್ಲಿ, ಬೀಜ ನನ್ನಲ್ಲಿ! ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, ಏಳು ಮೊಳೆತವು. ಆ ಭಾನುವಾರವೇ ಡಬ್ಬಿ ಹೊತ್ತು ಬಸ್ಸು ಹತ್ತಿದೆ. ಚಿಕ್ಕಪ್ಪ ಅರ್ಧ ಮಾತ್ರ ಸುರಿದುಕೊಂಡು ಡಬ್ಬಿ ಹಿಂದಿರುಗಿಸಿದರು. "ಎಲ್ಲಾನೂ ಬ್ಯಾಡ ಕಣವ್ವ. ನಂದು ಕೆಟ್ರೆ?" ಪಕ್ಕದಲ್ಲೇ ಅಣ್ಣನ ಮನೆ. ಒಳಗೆ ಅವನ ಕೆಮ್ಮು ಕೇಳುತ್ತಿತ್ತು, ಬಾಗಿಲು ತೆರೆಯಲಿಲ್ಲ. ಗದ್ದೆಯ ಬದುವಿಗಾದರೂ ಹಾಕಲಿ ಎಂದು ಒಂದು ಹಿಡಿ ಬೀಜವನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ, ಚಿಲಕಕ್ಕೆ ನೇತುಹಾಕಿ ಬಂದೆ.

ಡಬ್ಬಿ ಮತ್ತೆ ಗೂಡು ಸೇರಿದೆ. ಸುಗ್ಗಿಗೆ ಹೊಸ ಕಾಯಿ ಬರುತ್ತದೆ, ಚಿಕ್ಕಪ್ಪ ಮಾತು ಕೊಟ್ಟಿದ್ದಾರೆ. ನಾನು ಕಾಯುತ್ತಿರುವುದು ಅದಕ್ಕಲ್ಲ. ಫೋನು ಹೊಡೆದುಕೊಂಡಾಗೆಲ್ಲ ಅಣ್ಣನದೇನೋ ಎಂದು ಹಿಟ್ಟಿನ ಕೈಯಲ್ಲೇ ಓಡುತ್ತೇನೆ.