ಪಕ್ಕದ ಮನೆ ಆಂಟಿ ಮುಗಿಸಿದ ಕತೆ

ಮೊನ್ನೆ ರಸೆಲ್ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿಗೆ ಕೈ ಹಾಕಿದೆ. ಒಳ್ಳೇ ಸೊಗಡಿನ ಕಾಯಿ. ಮನೆಗೆ ಬಂದು ಸೋಪು ಹಚ್ಚಿ ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ. ಹೋಗುವುದು ಬೇಡವೆಂದೇ ಅನ್ನಿಸಿತು. ಆ ವಾಸನೆಯ ಹಿಂದೆಯೇ ನಮ್ಮ ಪಕ್ಕದ ಮನೆ ಆಂಟಿ ಬಂದು ಕೂತುಬಿಟ್ಟಿದ್ದರು...

ನಾನು ಚಿಕ್ಕವಳಿದ್ದಾಗಿನ ಮಾತು. ಹೊಸ ತಿಪ್ಪಸಂದ್ರದಲ್ಲಿ ನಮ್ಮದೂ ಅವರದೂ ಒಂದೇ ಗೋಡೆಯ ಮನೆಗಳು. ಅಪ್ಪ ಕಾರ್ಖಾನೆಗೆ, ಆಂಟಿಯ ಯಜಮಾನರು ಶಿವಾಜಿನಗರದ ಹಣ್ಣಿನಂಗಡಿಗೆ ಹೊರಟ ಮೇಲೆ ಮಧ್ಯಾಹ್ನ ಇಬ್ಬರು ಹೆಂಗಸರದೇ ರಾಜ್ಯ. ಎರಡೂ ಮನೆಯ ಅವರೆಕಾಯಿ ಆಂಟಿ ಸುಲಿಯಬೇಕು, ಅಮ್ಮ ವಾರಪತ್ರಿಕೆಯ ಧಾರಾವಾಹಿ ಓದಬೇಕು. ಇದು ಅವರ ಒಪ್ಪಂದ. ಆಂಟಿಗೆ ಕನ್ನಡ ಮಾತು ಸಲೀಸು, ಅಕ್ಷರ ಮಾತ್ರ ಬರುತ್ತಿರಲಿಲ್ಲ.

ಸಂಜೆ ಅದೇ ಕತೆ ಗೋಡೆಯಾಚೆ ದಖನಿ ಉರ್ದುವಿನಲ್ಲಿ ಶುರುವಾಗುತ್ತಿತ್ತು. ಕೇಳುವವರು ಆಂಟಿಯ ಅತ್ತೆ. ಕನ್ನಡ ಬಾರದ ಅಜ್ಜಿ, ಆದರೆ ಆ ಮನೆಯಲ್ಲಿ ಅವರ ಮಾತು ಮೀರುವವರಿರಲಿಲ್ಲ. ಕತೆಯ ನಾಯಕಿ ಅಪ್ಪನಿಲ್ಲದ ಹುಡುಗಿ, ನರ್ಸಿಂಗ್ ಓದಲು ಹಟ ಹಿಡಿದವಳು. ಗೋಡೆ ದಾಟುವಷ್ಟರಲ್ಲಿ ಅವಳ ಮನೆಯ ಹುಳಿಯನ್ನ ಖುಷ್ಕಾ ಆಗಿರುತ್ತಿತ್ತು, ತುಳಸಿಕಟ್ಟೆ ಮಾಯವಾಗಿರುತ್ತಿತ್ತು.

“ಅವ್ರಿಗೆ ನಮ್ಮನೆ ಹುಡ್ಗಿ ಥರಾನೇ ಅನ್ನಿಸ್ಬೇಕಲ್ವಾ ರೀ?” ಎಂದು ನಗುತ್ತಿದ್ದರು ಆಂಟಿ.

ನಗುವಿನ ಹಿಂದೆ ಲೆಕ್ಕಾಚಾರವಿತ್ತು. ಅವರ ಮಗಳು ಪಿಯುಸಿ ಮುಗಿಸುವುದರಲ್ಲಿದ್ದಳು, ಅವಳಿಗೂ ನರ್ಸಿಂಗ್ ಆಸೆ. ಅಜ್ಜಿಯೋ ಮದುವೆ ಮಾಡಿ ಎಂದು ಪಟ್ಟು ಹಿಡಿದಿದ್ದರು.

ಕೊನೆಯ ಕಂತು ಬಂತು. ಅದರಲ್ಲಿ ನಾಯಕಿ ಓದು ಬಿಟ್ಟು ಸೋದರಮಾವನ ತಾಳಿಗೆ ತಲೆ ಬಗ್ಗಿಸಿದಳು. ಆಂಟಿಯ ಕೈ ಹಾಗೇ ನಿಂತಿತು.

“ಹಿಂಗೇನಾ ಬರ್ದಿರೋದು? ಸರಿಯಾಗ್ ನೋಡಿ ರೀ.”

“ಹಿಂಗೇ ಇದೆ. ಮುಗೀತು ಅಂತ ಹಾಕಿದಾರೆ” ಎಂದಳು ಅಮ್ಮ.

“ಅವ್ರು ಮುಗಿಸ್ಕೊಳ್ಲಿ. ನಾನ್ ಮುಗ್ಸಲ್ಲ.”

ಆ ಸಂಜೆ ಗೋಡೆಯಾಚೆ ನಾಯಕಿ ಪರೀಕ್ಷೆಗೆ ಕೂತಳು. ಮುಂದೆ ಪಾಸಾದಳು, ಕೆಲಸಕ್ಕೂ ಸೇರಿದಳು. ಎಡವಟ್ಟಾದದ್ದು ಆಮೇಲೆ. ಅಷ್ಟು ದಿನವೂ ಅಜ್ಜಿ ಅವಳನ್ನು ಫ್ರೇಜರ್ ಟೌನಿನಲ್ಲೆಲ್ಲೋ ಇರುವ ನಿಜವಾದ ಹುಡುಗಿ ಎಂದೇ ನಂಬಿದ್ದರು! ಹಬ್ಬದ ಊಟಕ್ಕೆ ಅವಳನ್ನು ಕರೆ ಎಂದರು, ಕೊಡಲು ಬಳೆಯನ್ನೂ ತರಿಸಿಟ್ಟರು. ಆಂಟಿ ನಿಜ ಹೇಳದೆ ವಿಧಿಯಿರಲಿಲ್ಲ. ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟರು.

“ಎಲ್ಲಾ ನಾನೇ ಹಾಳ್ಮಾಡ್ಬಿಟ್ಟೆ ರೀ. ಇನ್ ಮಗಳ್ ಓದು ಮುಗೀತು” ಎಂದು ಆಂಟಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ನನಗೂ ಅಳು ಬಂತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಆಂಟಿ ಚಪ್ಪಲಿಯನ್ನೂ ಹಾಕದೆ ಓಡಿಬಂದರು. ಅಜ್ಜಿ ಹೇಳಿದ್ದನ್ನು ಒಂದೇ ಉಸಿರಿಗೆ ಕನ್ನಡದಲ್ಲಿ ಒಪ್ಪಿಸಿದರು.

“‘ಆ ಹುಡ್ಗಿ ಪಾಸಾಗ್ಲಿ ಅಂತ ದಿನಾ ನಮಾಜಲ್ಲಿ ದುವಾ ಕೇಳಿದೀನಿ. ಅವಳೇ ಇಲ್ಲ ಅಂದ್ರೆ ನನ್ ದುವಾ ಸುಮ್ನೆ ಯಾಕ್ ಹಾಳಾಗ್ಬೇಕು? ನಮ್ ಹುಡ್ಗೀನ ಓದ್ಸು, ಅವಳಿಗೇ ಸೇರ್ಲಿ’ ಅಂದ್ರು ರೀ!”

ಅಮ್ಮ ಅವರನ್ನು ತಬ್ಬಿಕೊಂಡಳು. ಬಳೆ ಮೊಮ್ಮಗಳ ಕೈ ಸೇರಿತು.

ಸಾಹಿತ್ಯ ಸಮಾಜದ ಕನ್ನಡಿ ಎಂದು ಮುಂದೆ ನಾನು ಕಾಲೇಜಿನ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದೆ, ಒಳ್ಳೆಯ ಅಂಕವೂ ಬಂತು. ಬರೆಯುವಾಗೆಲ್ಲ ನಗು ಬರುತ್ತಿತ್ತು. ಎಲ್ಲ ದೇಶಗಳಲ್ಲೂ, ಎಲ್ಲ ಕಾಲದಲ್ಲೂ ಯಾರೋ ಒಬ್ಬರು ಕತೆಯನ್ನು ಒಂದು ಭಾಷೆಯಿಂದ ಎತ್ತಿ ಇನ್ನೊಂದರಲ್ಲಿ ಇಟ್ಟಿದ್ದಾರೆ, ಇಡುವಾಗ ತಮಗೆ ಬೇಕಾದಷ್ಟು ಉಪ್ಪುಖಾರ ಬೆರೆಸಿದ್ದಾರೆ. ನಮ್ಮ ಬೀದಿಯಲ್ಲಿ ಆ ಕೆಲಸ ಮಾಡಿದವರು ಆಂಟಿ.

ಅಜ್ಜಿ ಎಂದೋ ಹೋದರು. ಈಗ ಆಂಟಿಯೂ ಇಲ್ಲ... ಮಗಳು ಕಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್. ಅಮ್ಮನಿಗೆ ಕಣ್ಣು ಮಂಜಾಗಿದೆ. ಹಾಗಾಗಿ ಸುಲಿಯುವವಳು ಅಮ್ಮ, ಓದುವವಳು ನಾನು. ಮೊನ್ನೆ ತಂದ ಕಾಯಿ ಸುಲಿಯುವಾಗ ಓದಿದ ಕತೆಯಲ್ಲಿ ನಾಯಕಿ ಕೊನೆಗೆ ಹೊಡೆಯುವ ಗಂಡನ ಮನೆಗೇ ಮರಳಿದಳು. ಅಮ್ಮ ಆ ಗೋಡೆಯ ಕಡೆಗೆ ಮುಖ ಮಾಡಿದಳು.

“ಅವ್ರಿದ್ದಿದ್ರೆ ಇದನ್ನ ಹಿಂಗ್ ಬಿಡ್ತಿದ್ರಾ?”

ನಾನು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟೆ.

“ಇನ್ನೂ ಮುಗಿದಿಲ್ಲಮ್ಮ, ಕೇಳು” ಎಂದೆ.