ಪಾದರಸ ಏರಿಸುವ ಮಾಸ್ತರು
ಎರಡು ಸಾವಿರದ ಇಸವಿಯ ಆಜೂಬಾಜು, ಶಹಾಪುರದ ಉಳವಪ್ಪ ಮಾಸ್ತರ ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಬಿ.ಪಿ. ಪಟ್ಟಿ ಸಿಗುತ್ತಿತ್ತು. ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವವರು ಅವರು. ಹಾಲಿನವನಿರಲಿ, ಖಾನಾಪುರದ ಬೀಗರಿರಲಿ, ಒಂದು ತೋಳಿಗೆ ಪಟ್ಟಿ ಸುತ್ತಿ, ಇನ್ನೊಂದು ಕೈಗೆ ರಬ್ಬರ್ ಚೆಂಡು ಕೊಟ್ಟು, "ಗಟ್ಟಿ ಹಿಚುಕ್ರಿ, ಬಿಡಬ್ಯಾಡ್ರಿ" ಅನ್ನುವರು. ಯಂತ್ರದ ಪಾದರಸ ಏರಿತೋ, ಮಾಸ್ತರ ಮುಖ ಅರಳಿತು. "ನೋಡ್ರಿ, ಕೈಯಾಗಿನ ಮಾಂಸಖಂಡ ದುಡೀತು, ಸುದ್ದಿ ಬೆನ್ನಹುರಿಗೆ ಹೋತು. ಅಲ್ಲಿ ಒಂದು ನರ ಇನ್ನೊಂದಕ್ಕ ಚೂರು ರಸ ಸುರುವಿ ಹೇಳ್ತು, ಗುಂಡಿಗಿ ಓಡಾಕ ಹತ್ತಿತು." ಒಳಗಿನಿಂದ ಹೆಂಡತಿ ಸಂಗವ್ವ, "ಬೀಗರನ್ನ ಹಿಂಡಿದ್ದು ಸಾಕು, ಚಾ ಕುಡ್ಯಾಕ ಬಿಡ್ರಿ" ಎನ್ನುತ್ತಿದ್ದಳು. ಆ ಸಂಗವ್ವನಿಗೇ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಮಾಸ್ತರು ದಿನಾ ಮುಂಜಾನೆ ಆ ಕೈಯಲ್ಲಿ ಚೆಂಡಿಟ್ಟು, ಎಡದೋಳಿಗೆ ಪಟ್ಟಿ ಸುತ್ತಿ ಕೂಡುವರು. ಪಾದರಸ ಅಲುಗದಿದ್ದರೆ ಅಂದು ಅವರಿಗೆ ಊಟ ಸೇರುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಅದು ಹನ್ನೆರಡು ಗೆರೆ ಏರಿತು. "ಕೈ ಬಂತೇನ್ರಿ?" ಎಂದಳು ಸಂಗವ್ವ. ಚೆಂಡು ಹಿಡಿದ ಬೆರಳುಗಳು ಹಾಗೇ ಸತ್ತಂತಿದ್ದವು. ಹೊದ್ದು ಮಲಗಿದ್ದ ಕೌದಿಯ ಅಂಚಿನಲ್ಲಿ ಮಾತ್ರ ಅವಳ ಎಡಗಾಲು ಗೋಡೆಯನ್ನು ಒತ್ತಿ ಒತ್ತಿ ನಡುಗುತ್ತಿತ್ತು. ಯಾವ ಖಂಡ ದುಡಿದರೂ ಪಾದರಸ ಏರುತ್ತದೆಂದು ಇಪ್ಪತ್ತು ವರ್ಷ ಕೇಳಿ ಕಲಿತವಳು ಅವಳು. "ಬರಾಕ ಹತ್ತೈತಿ ನೋಡು" ಎಂದ ಮಾಸ್ತರು, ಆ ಕಾಲಿನ ಮೇಲೆ ಮೆಲ್ಲಗೆ ಕೌದಿ ಎಳೆದು ಹೊಚ್ಚಿದರು.